ಇಪ್ಪತ್ತೇಳನೇ ಪುಟದ ವೀಳ್ಯ

“ಈ ಪುಟ ಒಂದ್ನ ಮುಟ್ಬ್ಯಾಡ ಕಣಮ್ಮ. ಮಿಕ್ಕಿದ್ದ ಏನಾರ ಮಾಡ್ಕೊ,” ಎಂದ ಮಾದಯ್ಯ.

ನಾಜಿಮಾಳಿಗೆ ನಗು ಬಂತು. ಅವನ ಮುಖ ನೋಡಿದ ಮೇಲೆ ಅದು ಅಲ್ಲೇ ನಿಂತುಹೋಯಿತು. ಆ ಪುಸ್ತಕದ ನೂರ ಹನ್ನೆರಡು ಪುಟಗಳಲ್ಲಿ ಮುಟ್ಟಲೇಬೇಕಾದ ಪುಟ ಒಂದು ಇದ್ದರೆ ಅದು ಇಪ್ಪತ್ತೇಳನೆಯದೇ.

“ಗೌಡ್ರೆ, ಅದು ಕೆಟ್ಟೋಗೈತೆ. ಮೊಬೈಲಲ್ಲಿ ನೋಡಿ, ಹೆಸರೆಲ್ಲಾ ತಟ್ಟೆ ಸುತ್ತ ಅವೆ. ಪ್ರಿಂಟಿಗೆ ಅಂತ ಕನ್ವರ್ಟ್ ಮಾಡಿದ್ಕೆ ಕಳಚ್ಕೊಂಡು ಒಂದರ ಕೆಳಗೊಂದು ಬಿದ್ದವೆ. ಅರ್ಧ ದಿನ ಕೊಡಿ, ಸರಿ ಮಾಡ್ತೀನಿ.”

“ಕೆಟ್ಟಿಲ್ಲ. ಈಗ್ಲೇ ಸರಿಯಾಗಿರಾದು.”

ಅವನಿಗೆ ಸರಿಯಾಗಿ ಕಾಣದೆ ಇರುತ್ತದೆಯೇ? ಒಂದರ ಕೆಳಗೊಂದು ಬಿದ್ದ ಹನ್ನೊಂದು ಮನೆಗಳ ಹೆಸರಿನಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಮಾದಯ್ಯನ ಮನೆ.

ಮದ್ದೂರಿನ ತಾಲ್ಲೂಕು ಕಚೇರಿಯ ಹಿಂದಿನ ಸಂದಿಯಲ್ಲಿ ನಾಜಿಮಾಳ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಆ ಮಳಿಗೆ ಮಾದಯ್ಯನದು. ಅಂಗಡಿಗೆ ಬಂದರೆ ಅವನು ಗಿರಾಕಿಗಳ ಸ್ಟೂಲಿನ ಮೇಲೆ ಕೂರುವುದಿಲ್ಲ, ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ. ಒಳಗೆ ಬೆಳಕಿಲ್ಲ, ಹೊರಗಿನವರಿಗೆ ದಾರಿಯಿಲ್ಲ. ತನ್ನ ಮಳಿಗೆಯ ಬಾಗಿಲಿಗೆ ತಾನೇ ಅಗುಳಿಯಾಗಿ ನಿಲ್ಲುವುದರಲ್ಲಿ ಅವನಿಗೊಂದು ಸುಖ. ನಾಜಿಮಾಳ ಗಂಡ ಹಮೀದನ ಬಲಗೈ ಗ್ಯಾರೇಜಿನಲ್ಲಿ ಜಾಕ್ ಜಾರಿ ಜಜ್ಜಿಹೋದ ಮೇಲೆ ಮನೆಯ ಒಲೆ ಉರಿಯುತ್ತಿದ್ದದ್ದು ಈ ಅಂಗಡಿಯಿಂದಲೇ. ಅದು ಮಾದಯ್ಯನಿಗೂ ಚೆನ್ನಾಗಿ ಗೊತ್ತಿತ್ತು.

ಮಾದಯ್ಯನ ಊರು ಕಾಳಮ್ಮನಕೊಪ್ಪಲು, ವೈದ್ಯನಾಥಪುರದ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುತ್ತದೆ. ಅಲ್ಲಿ ಹನ್ನೊಂದು ಹಳೆಯ ಮನೆಗಳು. ಒಂದೊಂದೂ ಒಡೆದು ಈಗ ಹತ್ತು ಹದಿನೈದು ಒಲೆಯಾಗಿದೆ, ಆದರೂ ಲೆಕ್ಕಕ್ಕೆ ಮನೆ ಅಂದರೆ ಹನ್ನೊಂದೇ. ಮದುವೆಯಲ್ಲಿ ಧಾರೆಗೆ ಮುಂಚೆ ಆ ಹನ್ನೊಂದು ಮನೆಯ ಯಜಮಾನರಿಗೆ ವೀಳ್ಯ ಕೊಡಬೇಕು. ಯಾರಿಗೆ ಮೊದಲು ಎನ್ನುವುದಕ್ಕೆ ಒಂದು ಕಾಲದಲ್ಲಿ ಅಲ್ಲಿ ಚಪ್ಪರ ಉರುಳಿದೆ, ತಲೆ ಒಡೆದಿದೆ, ಮುಹೂರ್ತ ಮೀರಿ ಗಂಡು ಹಸೆಯಿಂದ ಎದ್ದುಹೋದದ್ದೂ ಉಂಟು. ಮಾದಯ್ಯನ ಅಪ್ಪ ಮತ್ತು ಹನ್ನೊಂದರಲ್ಲೇ ಇನ್ನೊಂದು ಮನೆಯ ಸ್ವಾಮಿಯ ಅಪ್ಪ ಮಳವಳ್ಳಿಯ ಬೀಗರ ಎದುರಿಗೇ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದಾಗ ಊರಿಗೆ ನಾಚಿಕೆಯಾಯಿತು. ಆಗ ಹಿರಿಯರು ಕೂತು ಒಂದು ಕಟ್ಟು ಮಾಡಿದರು. ಎಲೆ ಅಡಿಕೆಯನ್ನೆಲ್ಲ ಒಂದೇ ಹಿತ್ತಾಳೆ ತಟ್ಟೆಯಲ್ಲಿಡುವುದು, ಹನ್ನೊಂದು ಜನ ಅದರ ಸುತ್ತ ಕೂರುವುದು, ‘ತಕ್ಕಳಿ’ ಅಂದ ಕೂಡಲೇ ಹನ್ನೊಂದು ಕೈಯೂ ಒಟ್ಟಿಗೆ ತಟ್ಟೆಗೆ ಬೀಳುವುದು. ಮೊದಲಿಲ್ಲ, ಕಡೆಯಿಲ್ಲ. ನಲವತ್ತು ವರ್ಷದಿಂದ ಊರು ಹೀಗೆ ತಣ್ಣಗಿತ್ತು.

ಅದೇ ಊರಿನ ನಿಂಗಯ್ಯ ಮೇಷ್ಟ್ರು ನಿವೃತ್ತರಾದ ಮೇಲೆ ಊರಿನ ಕಟ್ಟುಕಟ್ಟಳೆ, ಸೋಬಾನೆ ಪದ, ಗದ್ದೆಬಯಲಿನ ಹೆಸರು ಎಲ್ಲ ಕೂಡಿಸಿ ಪುಸ್ತಕ ಬರೆದರು. ಅದರ ಇಪ್ಪತ್ತೇಳನೇ ಪುಟದಲ್ಲಿ ಆ ವೀಳ್ಯದ ತಟ್ಟೆಯ ಚಿತ್ರ, ಸುತ್ತ ಹನ್ನೊಂದು ಮನೆಯ ಹೆಸರು. ಆರು ವರ್ಷದ ಹಿಂದೆ ಅದನ್ನು ಟೈಪ್ ಮಾಡಿ ಪುಟ ಕಟ್ಟಿದವಳು ನಾಜಿಮಾಳೇ. ಅಚ್ಚಿಗೆ ಹಾಕಿಸುವ ಶಕ್ತಿ ಮೇಷ್ಟ್ರಿಗೆ ಇರಲಿಲ್ಲ. ಮೈಸೂರಿನಲ್ಲಿದ್ದ ಅವರ ತಂಗಿಯ ಮಗಳು ಅದನ್ನು ಇ-ಬುಕ್ ಮಾಡಿ ಊರಿನವರ ಮೊಬೈಲಿಗೆಲ್ಲ ಕಳಿಸಿದಳು. ಆಮೇಲೆ ನಾಜಿಮಾಳ ಹಳೆಯ ಕಂಪ್ಯೂಟರ್ ಸಿಡಿಲಿಗೆ ಸುಟ್ಟು ಮೂಲ ಫೈಲು ಅದರ ಜೊತೆಗೇ ಹೋಯಿತು. ಮೇಷ್ಟ್ರು ಹೋಗಿಯೂ ವರ್ಷವಾಯಿತು. ಉಳಿದದ್ದು ಮೊಬೈಲಿನೊಳಗಿನ ಪುಸ್ತಕ ಒಂದೇ. ಈಗ ಮಾದಯ್ಯನ ಮಗಳು ಪ್ರಿಯಾಂಕಳ ಮದುವೆ. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆಗೆ ಊರಿನ ಪುಸ್ತಕವನ್ನೂ ಹಾಕಿಕೊಟ್ಟರೆ ಬೀಗರ ಕಡೆಯವರು ಬೆರಗಾಗುತ್ತಾರೆ ಎಂದು ಅವನಿಗೆ ಯಾರೋ ತಲೆಗೆ ತುಂಬಿದ್ದರು. ನಾನೂರು ಪ್ರತಿ ಬೇಕು, ಮೊಬೈಲಲ್ಲಿ ಹೇಗಿದೆಯೋ ಹಾಗೇ ಬರಬೇಕು ಎಂದು ಹೇಳಿದವನೂ ಅವನೇ.

ಬಟನ್ ಒತ್ತಿದರೆ ಇ-ಬುಕ್ಕು ಪ್ರಿಂಟಾಗಿ ಬಂದುಬಿಡುತ್ತದೆ ಅಂತ ಊರಿನವರು ತಿಳಿದಿದ್ದಾರೆ. ಒತ್ತಿದರೆ ಬರುವುದು ಪುಸ್ತಕವಲ್ಲ, ಪುಸ್ತಕದ ಹೆಣ. ಸೋಬಾನೆ ಪದದಲ್ಲಿ ಹೆಣ್ಣಿನವರ ಸಾಲು ಎಡಕ್ಕೆ, ಗಂಡಿನವರ ಉತ್ತರ ಬಲಕ್ಕೆ ಇತ್ತು. ಕನ್ವರ್ಟ್ ಆದಮೇಲೆ ಎರಡೂ ಕಲಸಿಹೋಗಿ, ಬೈಯುವವರು ಯಾರು ಬೈಸಿಕೊಳ್ಳುವವರು ಯಾರು ತಿಳಿಯದ ಹಾಗಾಗಿತ್ತು. ಗದ್ದೆಬಯಲಿನ ನಕ್ಷೆ ಅರ್ಧ ಹಾಳೆಯಿಂದ ಆಚೆ ಹೋಗಿತ್ತು. ನಾಜಿಮಾ ನಾಲ್ಕು ದಿನ ಮೊಬೈಲನ್ನು ಮಾನಿಟರಿಗೆ ಆನಿಸಿಟ್ಟುಕೊಂಡು, ಒಂದೊಂದು ಪುಟವನ್ನೂ ಕಣ್ಣಲ್ಲಿ ಕಣ್ಣಿಟ್ಟು ತಾಳೆ ನೋಡಿ, ಸಾಲಿಗೆ ಸಾಲು ಕೂರಿಸಿದ್ದಳು. ಇಪ್ಪತ್ತೇಳನೆಯದನ್ನು ಕಡೆಗೆ ಮಾಡೋಣ ಎಂದು ಬಿಟ್ಟಿದ್ದಳು. ಅಷ್ಟರಲ್ಲಿ ಮಾದಯ್ಯ ಪ್ರೂಫ್ ನೋಡುತ್ತೇನೆ ಎಂದು ಬಂದು ಬಾಗಿಲಿಗೆ ಅಡ್ಡ ನಿಂತ.

“ಮೇಸ್ಟ್ರು ಒಳಗೊಳಗೆ ನಮ್ಮನೇನೇ ಮೊದ್ಲು ಇಟ್ಟಿದ್ರು. ಊರೋರಿಗೆ ಎದ್ರಿ ಮ್ಯಾಲೆ ಸುತ್ತ ಬರ್ದವ್ರೆ. ಈಗ ಕಂಪ್ಯೂಟ್ರು ನಿಜ ಕಕ್ಕೈತೆ,” ಎಂದು ಅವನು ಆ ಹಾಳೆಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡ.

“ಅಂಗಲ್ಲ ಗೌಡ್ರೆ, ಆ ಸಾಲು...”

“ಅಗ್ರಿಮೆಂಟು ಮುಂದಿನ ತಿಂಗ್ಳು ಮುಗೀತದೆ, ಗ್ಯಾನ ಐತಾ? ಬ್ಯಾಕರಿಯೋನು ಮಳಿಗೆ ಕೊಡಿ ಅಂತ ದಿನಾ ಕಾಲ್ಗೆ ಬೀಳ್ತಾವ್ನೆ. ನಾನೇ ಇರ್ಲಿ ಪಾಪ ಅಂತ ಬುಟ್ಟಿವ್ನಿ.”

ಅಷ್ಟು ಹೇಳಿ ಹೊರಟುಹೋದ. ಬೆಳಕು ಒಳಗೆ ಬಂತು, ನಾಜಿಮಾಳ ಎದೆ ಮಾತ್ರ ಕತ್ತಲಾಗಿಯೇ ಇತ್ತು. ಯಾಕೆಂದರೆ ಆ ಸಾಲು ಎಲ್ಲಿಂದ ಬಂತು ಎನ್ನುವುದು ಪ್ರಪಂಚದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಕನ್ವರ್ಟ್ ಮಾಡುವ ಸಾಫ್ಟ್‌ವೇರಿಗೆ ತಟ್ಟೆಯೂ ಗೊತ್ತಿಲ್ಲ, ವೀಳ್ಯವೂ ಗೊತ್ತಿಲ್ಲ. ಅದು ಪುಟದಿಂದ ಅಕ್ಷರ ಕೀಳುತ್ತದೆ. ಮೊದಲು ಟೈಪಾದದ್ದನ್ನು ಮೇಲಿಡುತ್ತದೆ, ಆಮೇಲೆ ಟೈಪಾದದ್ದನ್ನು ಕೆಳಗಿಡುತ್ತದೆ. ಟೈಪ್ ಮಾಡಿದ್ದು ಮೇಷ್ಟ್ರಲ್ಲ, ಅವಳು. ಆರು ವರ್ಷದ ಹಿಂದೆ ಮೇಷ್ಟ್ರು ಪಕ್ಕದ ಸ್ಟೂಲಿನಲ್ಲಿ ಕೂತು ಹನ್ನೊಂದು ಹೆಸರನ್ನು ಹನ್ನೊಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು. “ಎಲ್ಲಿಂದಾದ್ರೂ ಸುರು ಮಾಡವ್ವ. ಬಳೆಗೆ ತಲೆ ಯಾವ್ದು, ಬಾಲ ಯಾವ್ದು,” ಎಂದು ನಕ್ಕಿದ್ದರು. ತಟ್ಟೆಯ ನೆತ್ತಿಯ ಜಾಗಕ್ಕೆ ಯಾರ ಹೆಸರೂ ಬರಬಾರದು, ಅಲ್ಲಿ ವೀಳ್ಯದೆಲೆಯ ತೊಟ್ಟು ಬರಲಿ ಎಂದು ಮೂರು ಸಲ ತಿದ್ದಿಸಿದ್ದರು. ಹನ್ನೊಂದು ಬೆಸಸಂಖ್ಯೆ, ನೆತ್ತಿ ಖಾಲಿ ಬಿಟ್ಟರೆ ಬುಡಕ್ಕೆ ಸರಿಯಾಗಿ ಒಂದು ಹೆಸರು ಬಂದೇ ಬರುತ್ತದೆ. ಆ ಕಾಲಡಿಯ ಜಾಗಕ್ಕೆ ಮೇಷ್ಟ್ರು ತಮ್ಮ ಮನೆಯ ಚೀಟಿಯನ್ನೇ ಎತ್ತಿಕೊಟ್ಟಿದ್ದರು.

ಉಳಿದ ಹತ್ತರಲ್ಲಿ ನಾಜಿಮಾಳಿಗೆ ಗುರುತಿದ್ದ ಹೆಸರು ಒಂದೇ. ಅವಳು ಮಳಿಗೆ ಹಿಡಿದು ಆಗ ಎಂಟು ದಿನವಾಗಿತ್ತು. ಅವಳಿಗಿಂತ ಮುಂಚೆ ಅಲ್ಲಿದ್ದ ಟೈಲರನ ಹೊಲಿಗೆ ಮಿಷಿನ್ನನ್ನು ಮಾದಯ್ಯ ಬೀದಿಗೆ ನೂಕಿಸಿದ್ದನ್ನು ಅವಳು ಎದುರಿಗೇ ನಿಂತು ನೋಡಿದ್ದಳು. ಆ ಹೆಸರಿನ ಚೀಟಿ ಕಂಡ ಕೂಡಲೇ ಬೆರಳು ತಾನಾಗಿ ಅದನ್ನು ಮೊದಲು ಒತ್ತಿತು. ಅಷ್ಟೇ ನಡೆದದ್ದು.

ಮಾದಯ್ಯ ಜೇಬಿಗಿಟ್ಟುಕೊಂಡ ಹಾಳೆ ಎರಡೇ ದಿನದಲ್ಲಿ ಕಾಳಮ್ಮನಕೊಪ್ಪಲಿನ ತುಂಬ ಓಡಾಡಿತು. ಮಗಳ ಮದುವೆಯಲ್ಲಿ ತಟ್ಟೆ ಇಡುವುದಿಲ್ಲ, ಪುಸ್ತಕದ ಸಾಲಿನಂತೆಯೇ ಕರೆದು ವೀಳ್ಯ ಕೊಡುತ್ತೇನೆ ಎಂದು ಅವನು ಡೈರಿಯ ಮುಂದೆ ಹಾಲು ಹಾಕುವವರಿಗೆಲ್ಲ ಸಾರಿದ. ಮೂರನೇ ದಿನ ಬೆಳಿಗ್ಗೆ ಸ್ವಾಮಿ ತನ್ನ ಇಬ್ಬರು ತಮ್ಮಂದಿರನ್ನು ಕಟ್ಟಿಕೊಂಡು ಅಂಗಡಿಗೆ ನುಗ್ಗಿದ. ಆ ಹಾಳೆಯದೇ ಜೆರಾಕ್ಸ್ ಒಂದನ್ನು ಕೀಬೋರ್ಡಿನ ಮೇಲೆ ಕುಕ್ಕಿದ.

“ಏನಮ್ಮಾ ಇದು? ನಮ್ಮನೆ ಏಳ್ನೇದಾ? ಎಷ್ಟು ತಿಂದೆ ಮಾದಯ್ಯನ ತಾವ?”

“ಬಾಯಿಗೆ ಬಂದಂಗೆ ಮಾತಾಡ್ಬೇಡಿ. ನಾನು ಯಾರತ್ರಾನೂ ಏನೂ ತಿಂದಿಲ್ಲ.”

“ಅಂಗಾರೆ ಇದು ಮೇಸ್ಟ್ರು ಮಾಡಿದ್ದಾ? ಅದ್ನಾರ ಏಳು. ಆ ಮುದ್ಕ ನಮ್ಮಪ್ಪನ ಮನೇಲಿ ಉಂಡು ನಮ್ಮ ಬೆನ್ನಿಗೆ ಚೂರಿ ಹಾಕ್ದ ಅಂತ ಏಳು, ಓಯ್ತೀವಿ.”

ನಾನು ಮಾಡಿದ್ದು ಎಂದರೆ ಅಂಗಡಿ ಹೋಗುತ್ತದೆ. ಮೇಷ್ಟ್ರು ಮಾಡಿದ್ದು ಎಂದರೆ ಸತ್ತವರ ಮೇಲೆ ಸುಳ್ಳು ಹೊರಿಸಿದಂತಾಗುತ್ತದೆ. ಅವಳು ಎರಡನ್ನೂ ಹೇಳಲಿಲ್ಲ. “ಕನ್ವರ್ಟ್ ಮಾಡುವಾಗ ಬಂದಿದ್ದು,” ಎಂದು ಗೊಣಗಿದಳು. ಸ್ವಾಮಿಯ ತಮ್ಮ ಪೇಪರ್ ಕಟ್ಟಿಗೆ ಒಂದು ಒದೆ ಕೊಟ್ಟ. ಐನೂರು ಹಾಳೆ ಅಂಗಡಿಯ ತುಂಬ ಹರಡಿತು.

“ಪುಸ್ತಕ ಅಚ್ಚಾಗಿ ಬರ್ಲಿ, ಅಂಗ್ಡಿ ಮುಂದೇನೇ ಬೆಂಕಿ ಇಕ್ತೀವಿ,” ಎಂದು ಹೇಳಿ ಮೂವರೂ ಹೋದರು.

ಹಮೀದನಿಗೆ ವಿಷಯ ಹೇಳಿದಾಗ ಅವನು ತನ್ನ ಸೊಟ್ಟ ಕೈಯನ್ನೇ ನೋಡಿಕೊಂಡು, “ಅವ್ರೂರಿನ ಎಲೆ ಅಡಿಕೆ ಅವ್ರು ಹೆಂಗಾದ್ರೂ ತಿನ್ಲಿ. ನೀನು ಬಾಯಿ ಮುಚ್ಕೊಂಡಿರು,” ಎಂದ. ತಪ್ಪಲ್ಲ ಅವನ ಮಾತು. ನಾಜಿಮಾಳೂ ಅದನ್ನೇ ಬಯಸಿದ್ದಳು. ಇಪ್ಪತ್ತಾರು, ಇಪ್ಪತ್ತೆಂಟು ಸರಿಯಾಗಿವೆ. ನಡುವಿನದೊಂದು ಹಾಳಾಗಿ ಹೋಗಲಿ, ನಾನೂರು ಪ್ರತಿ ಒತ್ತಿ ಕೈ ತೊಳೆದುಕೊಳ್ಳೋಣ ಎಂದುಕೊಂಡಳು.

ಶುಕ್ರವಾರ ಮಧ್ಯಾಹ್ನ ಮಂಗಳಮ್ಮ ಬಂದರು. ನಿಂಗಯ್ಯ ಮೇಷ್ಟ್ರ ಹೆಂಡತಿ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದರು. ನೀರು ಕೊಟ್ಟರೆ ಲೋಟವನ್ನು ಆ ಕಡೆ ಸರಿಸಿದರು.

“ನೀರು ಕುಡ್ಯಕ್ಕೆ ಬಂದಿಲ್ಲ ನಾನು. ನಮ್ಮೆಜಮಾನ್ರು ಎಲ್ಡು ನಾಲ್ಗೆಯೋರು ಅಂತ ಊರೆಲ್ಲಾ ಉಗೀತಾವ್ರೆ. ಸ್ವಾಮಿ ಮನೆಯೋರು ನನ್ನ ಮಕ ಕಂಡ್ರೆ ಬಾಗ್ಲು ಆಕ್ಕತಾರೆ. ಮಾದಯ್ಯ ಬಂದು ‘ನಿಮ್ಮೋರು ನಮ್ಮ ಕಡೆ ಇದ್ರು ಕಣತ್ತೆ’ ಅಂತ ಬಾಳೆಹಣ್ಣು ಕೊಟ್ಟೋಗವ್ನೆ, ಅದು ಅದ್ಕಿಂತ ಸುಡ್ತದೆ. ನೀನೇ ಏಳು ತಾಯಿ. ಅವ್ರು ಅಂಗೆ ಬರ್ಸಿದ್ರಾ?”

ನಾಜಿಮಾ ಮಾನಿಟರ್ ನೋಡಿದಳು, ನೆಲ ನೋಡಿದಳು. “ಅಚ್ಚಾಗೋದ್ರೊಳಗೆ ಸರಿಹೋಯ್ತದೆ ಅಮ್ಮ,” ಎಂದಳು.

“ಅದಲ್ಲ ನಾನು ಕೇಳಿದ್ದು.”

ನಾಜಿಮಾ ಮೌಸಿನ ಮೇಲೆ ಕೈಯಿಟ್ಟು ಮಾನಿಟರಿನ ಕಡೆಗೇ ತಿರುಗಿದಳು. ಮಂಗಳಮ್ಮ ಎದ್ದು, “ನಿನ್ನ ಬಗ್ಗೆ ಮನೇಲಿ ಬಾಳ ಏಳೋರು. ಆ ಹುಡ್ಗಿ ಕೈಲಿ ಒಂದು ಒತ್ತು ತಪ್ಪಲ್ಲ ಅಂತ. ಅವ್ರಿಗೇನು ಗೊತ್ತಿತ್ತು,” ಎಂದು ಹೇಳಿ ಬಿಸಿಲಿಗೆ ಇಳಿದರು. ನಾಜಿಮಾಳಿಗೆ ಕೆನ್ನೆಗೆ ಹೊಡೆದಂತಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಆ ಸಂಜೆ ಅವಳು ಇಪ್ಪತ್ತೇಳನೇ ಪುಟವನ್ನು ತೆರೆದಳು. ತಟ್ಟೆ ಬರೆದಳು. ಮೊಬೈಲಿನ ಪುಟವನ್ನು ದೊಡ್ಡದು ಮಾಡಿ ನೋಡಿ ನೋಡಿ, ನೆತ್ತಿಗೆ ಎಲೆಯ ತೊಟ್ಟು, ಬುಡಕ್ಕೆ ಮೇಷ್ಟ್ರ ಮನೆ, ಎರಡು ಮಗ್ಗುಲಿಗೂ ಐದೈದು, ಒಂದೊಂದು ಹೆಸರನ್ನೂ ಅದರ ಜಾಗದಲ್ಲೇ ಕೂರಿಸಿದಳು. ಹೆಸರಿನ ಬಾಗು ಎಲ್ಲೂ ಹೆಚ್ಚುಕಮ್ಮಿಯಾಗಲಿಲ್ಲ. ಪ್ರಿಂಟ್ ತೆಗೆದು ಮೊಬೈಲಿನ ಪಕ್ಕಕ್ಕೆ ಹಿಡಿದರೆ ಎರಡೂ ಒಂದೇ.

ಶನಿವಾರ ಮಾದಯ್ಯ ಫೋನು ಮಾಡಿದ. “ನಾಳೆ ಒತ್ತಾರೆ ಡೈರಿ ತಾವ ಪಂಚಾಯ್ತಿ. ಸ್ವಾಮಿ ಕಡೆಯೋರು ಹಾರಾಡ್ತಾವ್ರೆ. ನೀನು ಬಂದು ಕಂಪ್ಯೂಟ್ರಲ್ಲಿ ಸಾಲು ಇದ್ದಿದ್ದೇ ಇಂಗೆ ಅಂತ ಒಂದು ಮಾತು ಏಳ್ಬೇಕು. ಸುಳ್ಳೇನಲ್ವಲ್ಲ?”

ಸುಳ್ಳಲ್ಲ. ಅದೇ ಅವಳನ್ನು ಹೆಚ್ಚು ಉರಿಸಿದ್ದು. ಇಷ್ಟು ನಿಜದಲ್ಲಿ ಅಷ್ಟು ದೊಡ್ಡ ಸುಳ್ಳನ್ನು ಕಟ್ಟಬಹುದೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ಭಾನುವಾರ ಅವಳು ಹೋಗುವ ಹೊತ್ತಿಗೆ ಡೈರಿಯ ಜಗಲಿಯ ಮೇಲೆ ಹನ್ನೊಂದು ಮನೆಯವರೂ ಬಂದು ಕೂತಿದ್ದರು. ಗೋಡೆಯ ನೆರಳಿನಲ್ಲಿ ಮಂಗಳಮ್ಮ ಒಬ್ಬರೇ ನಿಂತಿದ್ದರು. ಮಾದಯ್ಯ ನಾಜಿಮಾಳಿಗೆ ಕುರ್ಚಿ ಹಾಕಿಸಿದ. ಆರು ವರ್ಷದಲ್ಲಿ ಅವನು ಅವಳಿಗೆ ತೋರಿಸಿದ ಮೊದಲ ಮರ್ಯಾದೆ ಅದು.

“ಪ್ಯಾಟೆಯೋಳು, ಅದ್ರಲ್ಲೂ ನಮ್ಮ ಪೈಕಿ ಅಲ್ದೋಳು, ನಮ್ಮ ವೀಳ್ಯಕ್ಕೆ ಸಾಕ್ಷಿನಾ?” ಎಂದು ಹಿಂದಿನಿಂದ ಯಾರೋ ಕೂಗಿದರು.

“ಅವ್ಳಲ್ಲ ಕಣ್ಲಾ ಸಾಕ್ಷಿ. ಕಂಪ್ಯೂಟ್ರು ಸಾಕ್ಷಿ. ಅವ್ಳು ಬಾಯಿ ಅಷ್ಟೆ,” ಎಂದ ಮಾದಯ್ಯ. “ಏಳಮ್ಮ. ಆ ಫೈಲಿನೊಳಗೆ ನಮ್ಮನೆ ಎಷ್ಟ್ನೇದು?”

ನಾಜಿಮಾ ಕುರ್ಚಿಯಲ್ಲಿ ಕೂರಲಿಲ್ಲ.

“ಮೊದಲ್ನೇದು,” ಎಂದಳು.

“ಕೇಳುಸ್ತಾ?” ಮಾದಯ್ಯ ಸುತ್ತ ನೋಡಿದ. ಸ್ವಾಮಿ ಎದ್ದು ನಿಂತ, ಅವನ ತಮ್ಮಂದಿರೂ ಎದ್ದರು. ಮಂಗಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಆದ್ರೆ ಅದನ್ನ ಮೇಷ್ಟ್ರು ಬರೆದಿದ್ದಲ್ಲ,” ಎಂದಳು ನಾಜಿಮಾ. “ಅವ್ರಿಗೆ ಕಂಪ್ಯೂಟರ್ ಆನ್ ಮಾಡೋಕೂ ಬರ್ತಿರ್ಲಿಲ್ಲ. ಹನ್ನೊಂದು ಚೀಟಿ ಕೊಟ್ಟು ಎಲ್ಲಿಂದಾದ್ರೂ ಶುರು ಮಾಡು ಅಂದ್ರು. ತಮ್ಮ ಮನೆ ಒಂದ್ನ ಕಾಲಡಿಗೆ ಹಾಕಿಸಿದ್ರು, ಮಿಕ್ಕಿದ್ದಕ್ಕೆ ಏನೂ ಹೇಳಿಲ್ಲ. ಟೈಪ್ ಮಾಡಿದ್ದು ನಾನು. ಆ ಸಾಲು ನಂದು.”

ಮಾದಯ್ಯ ಬೇಗ ಸುಧಾರಿಸಿಕೊಂಡು ನಕ್ಕ.

“ಆಯ್ತು, ನೀನೇ ಒತ್ದೆ. ಹನ್ನೊಂದ್ರಲ್ಲಿ ನಮ್ಮನೇನೇ ಯಾಕೆ ಮೊದ್ಲು ಒತ್ದೆ? ಪ್ಯಾಟೆಯೋಳ್ಗೂ ಗೊತ್ತಿತ್ತು ಈ ಊರಲ್ಲಿ ದೊಡ್ಡ ಮನೆ ಯಾವ್ದು ಅಂತ. ಏಳು, ಏಳು.”

“ನಿಮ್ಮ ಮನೆ ದೊಡ್ದೋ ಚಿಕ್ದೋ ನಂಗೆ ಗೊತ್ತಿರ್ಲಿಲ್ಲ ಗೌಡ್ರೆ. ನೀವು ಟೈಲರ್‌ನ ಮಿಷಿನ್ನು ಬೀದಿಗೆ ನೂಕ್ಸಿದ್ದು ನೋಡಿದ್ದೆ. ಅವನ ಮಗು ಮಿಷಿನ್ ಪಕ್ಕ ಕೂತು ಅಳ್ತಿತ್ತು. ಮಾರನೇ ವಾರ ನಿಮ್ಮ ಹೆಸರಿನ ಚೀಟಿ ಕೈಗೆ ಬಂತು. ಹೆದರಿಕೆಗೆ ಅದನ್ನೇ ಮೊದಲು ಒತ್ದೆ. ನಿಮಗೆ ಸಿಕ್ಕಿರೋ ಮೊದಲ ವೀಳ್ಯ ಅಷ್ಟೇ.”

ಜಗಲಿಯ ಕೊನೆಯಲ್ಲಿ ಯಾರೋ ಕಿಸಕ್ಕೆಂದರು. ಮಾದಯ್ಯನ ಕಿವಿ ಕೆಂಪಾಯಿತು. ನಾಜಿಮಾ ಚೀಲದಿಂದ ಸರಿಯಾದ ಪುಟವನ್ನು ತೆಗೆದು ಜಗಲಿಯ ಮೇಲಿಟ್ಟಳು. ತಟ್ಟೆ, ಅದರ ಸುತ್ತ ಹನ್ನೊಂದು ಹೆಸರು, ಮೊಬೈಲಿನಲ್ಲಿ ಇದ್ದ ಹಾಗೆಯೇ. ನಾಲ್ಕು ಜನ ಬಗ್ಗಿ ನೋಡಿದರು. ಮಂಗಳಮ್ಮ ಮುಂದೆ ಬಂದು, ಬುಡದಲ್ಲಿದ್ದ ತಮ್ಮ ಮನೆಯ ಹೆಸರಿನ ಮೇಲೆ ಬೆರಳಿಟ್ಟು, ಆ ಹಾಳೆಯನ್ನು ಎತ್ತಿಕೊಂಡರು.

ಸ್ವಾಮಿಗಾದರೂ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

“ಅದ್ಸರಿ, ನಮ್ದು ಏಳ್ನೇದು ಯಾಕೆ ಒತ್ದೆ?” ಎಂದ.

“ನಿಮ್ಮ ಹೆಸರು ನಾನು ಅವತ್ತಿನವರೆಗೆ ಕೇಳೇ ಇರ್ಲಿಲ್ಲ.”

“ಕೇಳಿರ್ಲಿಲ್ವಾ?” ಸ್ವಾಮಿ ಕೈಯೆತ್ತಿಕೊಂಡು ಬಂದ. “ಎಲ್ಲಿಂದ್ಲೋ ಬಂದೋಳು, ನಮ್ಮೂರ ಮನೆಗಳ್ನ ನೀನು ಸಾಲು ನಿಲ್ಲುಸ್ತೀಯಾ? ನಿನಗೆ ಗೊತ್ತಿದ್ರೆ ಉಂಟು, ಇಲ್ದಿದ್ರೆ ಇಲ್ವಾ?” ಅವನ ಹಿಂದೆ ಆ ಸಾಲಿನ ಮೂರನೇ ಮನೆಯವನೂ ಹತ್ತನೇ ಮನೆಯವನೂ ಎದ್ದರು. ನಾಲ್ಕು ದಿನದಿಂದ ಒಬ್ಬರ ಮುಖ ಒಬ್ಬರು ನೋಡದಿದ್ದವರೆಲ್ಲ ಈಗ ಒಟ್ಟಿಗೆ ಅವಳ ಮೇಲೆ ತಿರುಗಿಬಿದ್ದಿದ್ದರು. ಅವಳಿಂದಲೇ ಇದೆಲ್ಲ ಆದದ್ದು, ಅವಳ ಕೈಗೆ ಪುಸ್ತಕ ಕೊಟ್ಟ ಮೇಷ್ಟ್ರಿಗೆ ಬುದ್ಧಿಯಿರಲಿಲ್ಲ, ಇನ್ನು ಮೇಲೆ ಊರಿನವರು ಯಾರೂ ಅವಳ ಹತ್ತಿರ ಒಂದು ಜೆರಾಕ್ಸ್ ಕೂಡ ತೆಗೆಸಬಾರದು ಎಂದು ಒಬ್ಬೊಬ್ಬರೂ ಒಂದೊಂದು ಕೂಗಿದರು.

ಮಾದಯ್ಯ ಕೂಗಲಿಲ್ಲ. ಗಲಾಟೆ ತಗ್ಗುವವರೆಗೆ ಕಾದು, ಅವಳ ಹತ್ತಿರಕ್ಕೆ ಬಂದು, ಅಂಗಡಿಯ ಬಾಗಿಲಿಗೆ ನಿಲ್ಲುತ್ತಿದ್ದ ಹಾಗೆಯೇ ಎದುರಿಗೆ ಅಡ್ಡ ನಿಂತ.

“ಅವತ್ತು ಎದ್ರಿಕೆಗೆ ಒತ್ದೆ ಅಂದ್ಯಲ್ಲಾ. ಇವತ್ತು ಎದ್ರಿಕೆ ಇಲ್ವೇನಮ್ಮ ನಿಂಗೆ?”

“ಐತೆ ಗೌಡ್ರೆ,” ಎಂದಳು ನಾಜಿಮಾ. “ಅದ್ಕೇ ಬೆಳಿಗ್ಗೆನೇ ಮಿಷಿನ್ನೆಲ್ಲಾ ಆಟೋಗೆ ಹಾಕಿ ಮನೆಗೆ ಕಳ್ಸಿ, ಆಮೇಲೆ ಇಲ್ಲಿಗೆ ಬಂದಿವ್ನಿ.”